ಅದೇ ಸಿನಿಮಾ, ಟಾಕೀಸಿನಲ್ಲಿ ಒಂದು ಥರ, ಮನೆಯಲ್ಲಿ ಇನ್ನೊಂದು ಥರ: ಯಾಕೆ?

"ನಾಕ್ ವಾರ ತಡಿ, ಟೀವಿಯೊಳಗ ಬರ್ತೈತಿ." ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೊಸ ಸಿನಿಮಾದ ಸುದ್ದಿ ಎದ್ದರೆ ಈ ಮಾತು ಬಂದೇ ಬರುತ್ತದೆ. ಲೆಕ್ಕ ಸುಳ್ಳೇನಲ್ಲ. 'ಕಾಂತಾರ ಅಧ್ಯಾಯ 1' ಟಾಕೀಸಿಗೆ ಬಂದದ್ದು 2025ರ ಅಕ್ಟೋಬರ್ 2ರಂದು. ಅಕ್ಟೋಬರ್ 31ಕ್ಕೆ ಅದು ಕನ್ನಡದಲ್ಲಿ ಒಟಿಟಿಗೂ ಬಂತು. ಹಿಂದಿ ಆವೃತ್ತಿ ಮಾತ್ರ ಇನ್ನೂ ಸುಮಾರು ನಾಲ್ಕು ವಾರ ತಡವಾಯಿತು. ಹಿಂದಿ ಚಿತ್ರಗಳಿಗೆ ಎಂಟು ವಾರದ ಅಂತರ ಬೇಕೇಬೇಕು ಎಂದು ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳು ಪಟ್ಟು ಹಿಡಿದಿರುವುದೇ ಇದಕ್ಕೆ ಕಾರಣ. ದಕ್ಷಿಣದ ಭಾಷೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ವಾರಕ್ಕೇ ಸಿನಿಮಾ ಮನೆಗೆ ಬರುತ್ತದೆ.

ಹಾಗಾದರೆ ನಾಲ್ಕು ವಾರ ಕಾದು ಮನೆಯಲ್ಲೇ ನೋಡುವವರು ಕಳೆದುಕೊಳ್ಳುವುದಾದರೂ ಏನು? "ದೊಡ್ಡ ಪರದೆ" ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಪರದೆಯ ಅಳತೆಗೆ ಮೂರನೆಯ ಸ್ಥಾನ. ಮೊದಲನೆಯದು ಧ್ವನಿ, ಎರಡನೆಯದು ಕತ್ತಲೆ. ಆದರೂ ಪರದೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ತಪ್ಪು ತಿಳುವಳಿಕೆ ಜಾಸ್ತಿ ಇರುವುದು ಅಲ್ಲೇ.

ಪರದೆ ಎಷ್ಟು ಅಡಿ ಇದೆ ಎನ್ನುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ನೋಟದಲ್ಲಿ ಅದು ಎಷ್ಟು ಜಾಗ ತುಂಬಿದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಅದನ್ನು ಕೋನದಲ್ಲಿ ಅಳೆಯುತ್ತಾರೆ. 40 ಅಡಿ ಅಗಲದ ಪರದೆಯಿಂದ 50 ಅಡಿ ದೂರ ಕೂತರೆ ಚಿತ್ರ ಸುಮಾರು 44 ಡಿಗ್ರಿ ತುಂಬುತ್ತದೆ. 70 ಅಡಿ ದೂರಕ್ಕೆ ಹೋದರೆ 32 ಡಿಗ್ರಿಗೆ ಇಳಿಯುತ್ತದೆ. ಈಗ ಮನೆಗೆ ಬನ್ನಿ. 43 ಇಂಚಿನ ಟೀವಿಯ ಅಗಲ ಸುಮಾರು 95 ಸೆಂಟಿಮೀಟರ್. ನಮ್ಮ ಕಡೆಯ ಪಡಸಾಲೆಯಲ್ಲಿ ಟೀವಿ ಒಂದು ಗೋಡೆಗೆ, ಸೋಫಾ ಎದುರಿನ ಗೋಡೆಗೆ. ನಡುವೆ ಹತ್ತು ಅಡಿ ಅಂದುಕೊಳ್ಳಿ. ಆಗ ಸಿಗುವುದು ಬರೀ 18 ಡಿಗ್ರಿ. ಸಿನಿಮಾ ನೋಡಲು ಕಡಿಮೆ ಎಂದರೂ 30 ಡಿಗ್ರಿ ಇರಲಿ ಎನ್ನುತ್ತಾರೆ ಈ ವಿದ್ಯೆ ಬಲ್ಲವರು. ಅದೇ 43 ಇಂಚಿನ ಟೀವಿಯಲ್ಲಿ ಆ 30 ಡಿಗ್ರಿ ಸಿಗಬೇಕಾದರೆ ಆರು ಅಡಿ ದೂರದಲ್ಲಿ ಕೂರಬೇಕು. 55 ಇಂಚಿನದಾದರೆ ಏಳೂವರೆ ಅಡಿ. ಅಂದರೆ ಹೊಸ ಟೀವಿ ಕೊಳ್ಳುವ ಮೊದಲು ಕುರ್ಚಿಯನ್ನು ಮುಂದಕ್ಕೆ ಎಳೆದು ನೋಡಬಹುದು. ಅದಕ್ಕೆ ಖರ್ಚಿಲ್ಲ. "ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ" ಎಂದು ಹಿರಿಯರು ಬೈಯುತ್ತಾರೆ, ನಿಜ. ಈಗಿನ ಟೀವಿಗಳಲ್ಲಿ ಆರು ಅಡಿ ದೂರ ಕಣ್ಣಿಗೆ ಏನೂ ಮಾಡುವುದಿಲ್ಲ.

ಇನ್ನೊಂದು ಅಚ್ಚರಿಯ ವಿಷಯವಿದೆ. ಮೊಬೈಲನ್ನು ಅಡ್ಡ ಹಿಡಿದು ಒಂದು ಅಡಿ ದೂರದಲ್ಲಿ ಇಟ್ಟುಕೊಂಡರೆ ಚಿತ್ರ ಸುಮಾರು 28 ಡಿಗ್ರಿ ತುಂಬುತ್ತದೆ. ಹತ್ತು ಅಡಿ ದೂರದ ಟೀವಿಗಿಂತ ಜಾಸ್ತಿ! ಆದರೂ ಮೊಬೈಲಿನ ಚಿತ್ರ ದೊಡ್ಡದು ಎಂದು ಯಾರಿಗೂ ಅನಿಸುವುದಿಲ್ಲ, ಅಲ್ವಾ? ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ಕಣ್ಣಿನ ಮಸೂರ ಉಬ್ಬುತ್ತದೆ. ಇದು ಕೈಯಲ್ಲಿರುವ ಚಿಕ್ಕ ವಸ್ತು ಎಂಬ ಸುದ್ದಿ ಮೆದುಳಿಗೆ ಅಲ್ಲಿಂದಲೇ ಹೋಗುತ್ತದೆ. ದೂರದ ಪರದೆಗೆ ಕಣ್ಣು ಸಡಿಲವಾಗಿರುತ್ತದೆ. ಬಯಲಲ್ಲಿ ನಿಂತು ದೂರ ನೋಡುವಾಗ ಕಣ್ಣು ಹೇಗಿರುತ್ತದೋ ಹಾಗೆಯೇ. ಟಾಕೀಸಿನಲ್ಲಿ ಬೆಟ್ಟ ಬೆಟ್ಟದಂತೆ ಕಾಣಲು ಇದೂ ಒಂದು ಕಾರಣ.

ಚಿತ್ರದ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಟೀವಿಯ ಅಗಲ ಅದರ ಎತ್ತರದ 1.78 ಪಟ್ಟು. ದೊಡ್ಡ ಸಿನಿಮಾಗಳನ್ನು ಸಾಮಾನ್ಯವಾಗಿ ತೆಗೆಯುವುದು 2.39 ಪಟ್ಟಿನ ಸ್ಕೋಪ್ ಅಳತೆಯಲ್ಲಿ. ಅದನ್ನು ಟೀವಿಯಲ್ಲಿ ಹಾಕಿದರೆ ಎತ್ತರದ ಕಾಲು ಭಾಗ ಕಪ್ಪಾಗಿ ಉಳಿಯುತ್ತದೆ. ಪಟ್ಟಿ ಹೋಗಲಿ ಎಂದು ಕೆಲವರು ಜೂಮ್ ಒತ್ತುತ್ತಾರೆ. ದಯವಿಟ್ಟು ಒತ್ತಬೇಡಿ. ಹಾಗೆ ಮಾಡಿದರೆ ಚಿತ್ರದ ಎರಡೂ ಬದಿ ಕತ್ತರಿಸಿಹೋಗುತ್ತದೆ. ಛಾಯಾಗ್ರಾಹಕ ಬಾಗಿಲ ಹತ್ತಿರ ನಿಲ್ಲಿಸಿದ ಪಾತ್ರವೇ ಕಾಣೆಯಾಗಬಹುದು.

ಈಗ ಕತ್ತಲೆಯ ವಿಷಯ. ಟಾಕೀಸಿನ ಪರದೆಗೆ ಹೋಲಿಸಿದರೆ ಟೀವಿ ಎಷ್ಟೋ ಪಟ್ಟು ಪ್ರಕಾಶಮಾನ. ಬೆಳಕನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಚಿತ್ರಮಂದಿರದ ಪರದೆಗೆ ನಿಗದಿಯಾದ ಮಟ್ಟ 48 ನಿಟ್. ಸಾಧಾರಣ ಎಲ್‌ಇಡಿ ಟೀವಿ 250ರಿಂದ 300 ನಿಟ್ ಕೊಡುತ್ತದೆ. ಆದರೂ ಟಾಕೀಸಿನ ಚಿತ್ರ ಮಂಕು ಅನಿಸುವುದಿಲ್ಲ, ಮಧ್ಯಾಹ್ನದ ಟೀವಿ ಮಂಕು ಅನಿಸುತ್ತದೆ. ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುವುದರಿಂದ ಹೀಗಾಗುತ್ತದೆ. ದೀಪ ಆರಿದ ಮೇಲೆ ಕಣ್ಣು ನಿಮಿಷ ನಿಮಿಷಕ್ಕೂ ಸೂಕ್ಷ್ಮವಾಗುತ್ತಾ ಹೋಗುತ್ತದೆ, ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಆ ಸ್ಥಿತಿಯಲ್ಲಿ 48 ನಿಟ್ ಧಾರಾಳ ಬೆಳಕು. ಕಪ್ಪು ಕೂದಲು, ಕಪ್ಪು ಕಂಬಳಿ, ಕಪ್ಪು ಗೋಡೆ ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಪಕ್ಕದವರು ಮೊಬೈಲ್ ತೆಗೆದರೆ ಸಿಟ್ಟು ಬರುವುದು ಸಹಜ. ಒಗ್ಗಿಕೊಂಡ ಕಣ್ಣನ್ನು ಆ ಬೆಳಕು ಮತ್ತೆ ಹಿಂದಕ್ಕೆ ಎಳೆಯುತ್ತದೆ.

ಮನೆಯಲ್ಲಿ ಕಿಟಕಿಯ ಬೆಳಕು ಟೀವಿಯ ಗಾಜಿನ ಮೇಲೆ ಬೀಳುತ್ತದೆ. ಆಗ ಮೊದಲು ಸಾಯುವುದು ಚಿತ್ರದ ಕಪ್ಪು ಭಾಗ. ಇತ್ತೀಚಿನ ಬಹಳ ಸಿನಿಮಾಗಳು ಕಡಿಮೆ ಬೆಳಕಿನಲ್ಲಿ ನಡೆಯುತ್ತವೆ. "ಏನೂ ಕಾಣಂಗಿಲ್ಲ" ಎಂದು ಮನೆಯಲ್ಲಿ ಗೊಣಗುವ ದೃಶ್ಯವೇ ಟಾಕೀಸಿನಲ್ಲಿ ಸ್ಪಷ್ಟವಾಗಿರುತ್ತದೆ. ಕಿಟಕಿಗೆ ದಪ್ಪ ಪರದೆ ಎಳೆದು, ದೀಪ ಆರಿಸಿ, ಟೀವಿಯನ್ನು 'ಸಿನಿಮಾ' ಅಥವಾ 'ಮೂವಿ' ಮೋಡಿಗೆ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು. 'ವಿವಿಡ್' ಮೋಡ್ ಇರುವುದು ಅಂಗಡಿಯ ಟ್ಯೂಬ್‌ಲೈಟುಗಳ ಕೆಳಗೆ ಗಿರಾಕಿಯ ಕಣ್ಣು ಸೆಳೆಯಲು. ಅದರಲ್ಲಿ ಮುಖಗಳೆಲ್ಲ ನೀಲಿಗೆ ತಿರುಗುತ್ತವೆ.

ಇನ್ನೊಂದು ಗುಂಡಿ ಆಫ್ ಮಾಡಬೇಕು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ. ಹೊಸ ಟೀವಿಗಳು ಆ 24ರ ನಡುವೆ ತಾವೇ ಹೊಸ ಚಿತ್ರಗಳನ್ನು ಊಹಿಸಿ ತುರುಕುತ್ತವೆ. ಕ್ರಿಕೆಟ್ಟಿಗೆ ಇದು ಚೆನ್ನ. ಸಿನಿಮಾಗೆ ಹಾಕಿದರೆ ಎಲ್ಲವೂ ಜಾರಿದಂತೆ ಓಡಿ, ಕೋಟಿಗಟ್ಟಲೆ ಖರ್ಚಿನ ದೃಶ್ಯ ಧಾರಾವಾಹಿಯಂತೆ ಕಾಣುತ್ತದೆ. ಎಲ್‌ಜಿ ಇದನ್ನು 'ಟ್ರೂಮೋಶನ್' ಎನ್ನುತ್ತದೆ, ಸೋನಿ 'ಮೋಶನ್‌ಫ್ಲೋ' ಎನ್ನುತ್ತದೆ, ಸ್ಯಾಮ್ಸಂಗ್‌ನಲ್ಲಿ ಅದು 'ಪಿಕ್ಚರ್ ಕ್ಲಾರಿಟಿ' ಒಳಗಿದೆ. ಸಿನಿಮಾ ನೋಡುವಾಗ ಆಫ್ ಮಾಡಿ.

ಚಿತ್ರದ ಗುಣಮಟ್ಟದ ಬಗ್ಗೆ 4ಕೆ, 4ಕೆ ಎಂದು ಜಾಹೀರಾತು ಕೂಗುತ್ತದೆ. ಆದರೆ ಚುಕ್ಕೆಗಳ ಲೆಕ್ಕಕ್ಕಿಂತ ಅವುಗಳನ್ನು ಎಷ್ಟು ಹಿಂಡಿ ಕಳಿಸುತ್ತಾರೆ ಎನ್ನುವುದು ಮುಖ್ಯ. ಚಿತ್ರಮಂದಿರಕ್ಕೆ ಹೋಗುವ ಡಿಜಿಟಲ್ ಪ್ರತಿಗೆ ಡಿಸಿಪಿ ಎನ್ನುತ್ತಾರೆ. ಅದರಲ್ಲಿ ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ ಹೋಗಬಹುದು. ಗಂಟೆಗೆ ಲೆಕ್ಕ ಹಾಕಿದರೆ 112 ಜಿಬಿ. ಒಟಿಟಿಯಲ್ಲಿ ಒಂದು ಗಂಟೆಯ 4ಕೆ ಚಿತ್ರಕ್ಕೆ ಸುಮಾರು 7 ಜಿಬಿ ಸಾಕು. ಹೀಗೆ ಹಿಂಡುವಾಗ ಕಣ್ಣಿಗೆ ಕಡಿಮೆ ಗೊತ್ತಾಗುವ ಜಾಗದಿಂದ ಕದಿಯುತ್ತಾರೆ. ಕತ್ತಲೆ, ಹೊಗೆ, ಮಂಜು, ಮಳೆ. ರಾತ್ರಿಯ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಂಡರೆ ಅದು ನಿಮ್ಮ ಟೀವಿಯ ದೋಷ ಅಲ್ಲದಿರಬಹುದು. ಕಟ್ಟಿದ ದುಡ್ಡನ್ನೂ ನೋಡಿಕೊಳ್ಳಿ. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ 149 ರೂಪಾಯಿಗೆ ಇಳಿಸಿದ ಮೊಬೈಲ್ ಪ್ಲಾನಿನಲ್ಲಿ ಸಿಗುವುದು 480ಪಿ, ಅಂದರೆ ಚುಕ್ಕೆಗಳು ಬಹಳ ಕಡಿಮೆ ಇರುವ ಚಿತ್ರ. 4ಕೆ ಬೇಕಾದರೆ ಮೇಲಿನ ಪ್ಲಾನ್ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಚಿತ್ರದ ಮಟ್ಟಿಗೆ ಮನೆ ಟಾಕೀಸಿನ ಹತ್ತಿರ ಬಂದಿದೆ. ಕತ್ತಲೆ ಕೋಣೆಯಲ್ಲಿಟ್ಟ ಒಳ್ಳೆಯ ಒಎಲ್‌ಇಡಿ ಟೀವಿಯ ಕಪ್ಪು ಬಣ್ಣ, ಬಹಳಷ್ಟು ಪ್ರೊಜೆಕ್ಟರುಗಳಿಗೆ ಎಟುಕದಷ್ಟು ಕಪ್ಪು. ಮನೆ ಸೋಲುವುದು ಧ್ವನಿಯಲ್ಲಿ.

ಮಾತು ಕೇಳುವುದಿಲ್ಲ ಎಂದು ವಾಲ್ಯೂಮ್ ಏರಿಸುತ್ತೀರಿ. ಮುಂದಿನ ಕ್ಷಣ ಫೈಟ್ ಶುರುವಾಗಿ ಮಲಗಿದ್ದ ಮಗು ಎದ್ದು ಅಳುತ್ತದೆ. ಇಳಿಸುತ್ತೀರಿ. ಮತ್ತೆ ಮಾತು ಕೇಳುವುದಿಲ್ಲ. ಎಲ್ಲ ಮನೆಯಲ್ಲೂ ರಿಮೋಟ್ ಕೈಬಿಡದೆ ಕೂರುವ ಒಬ್ಬರು ಇದ್ದೇ ಇರುತ್ತಾರೆ. ಇದಕ್ಕೆ ಒಂದಲ್ಲ, ಮೂರು ಕಾರಣಗಳು ಒಟ್ಟಿಗೆ ಕೂಡಿವೆ.

ಟಾಕೀಸಿನಲ್ಲಿ ಪರದೆಯ ಹಿಂದೆ ಮೂರು ಕಡೆ ಸ್ಪೀಕರುಗಳಿರುತ್ತವೆ. ಎಡ, ನಡು, ಬಲ. ಸದ್ದು ಹೊರಬರಲಿ ಎಂದು ಪರದೆಯ ತುಂಬಾ ಸಣ್ಣ ಸಣ್ಣ ತೂತುಗಳಿರುತ್ತವೆ. ಹತ್ತಿರ ಹೋಗಿ ನೋಡಿದರೆ ಕಾಣುತ್ತವೆ. ಮಾತೆಲ್ಲ ಹೆಚ್ಚಾಗಿ ಬರುವುದು ನಡುವಿನ ಸ್ಪೀಕರಿನಿಂದ. ಸಂಗೀತ, ಮಳೆ, ಸಂತೆಯ ಗದ್ದಲ ಬದಿಗಳಿಂದ ಬರುತ್ತವೆ. ಹಾಗಾಗಿ ಮಾತಿಗೆ ತನ್ನದೇ ಜಾಗ ಇರುತ್ತದೆ. ಬಹಳಷ್ಟು ಟೀವಿಗಳಲ್ಲಿ ನಡುವಿನ ಸ್ಪೀಕರ್ ಎಂಬುದೇ ಇಲ್ಲ. ಐದು ಕಡೆಯ ಸದ್ದನ್ನು ಎರಡಕ್ಕೆ ಮಡಚಿ ಒಂದರ ಮೇಲೊಂದು ಹಾಕಲಾಗುತ್ತದೆ. ಮಾತು ಸಂಗೀತದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅದೂ ಸಾಲದು ಎಂದು, ಟೀವಿ ತೆಳ್ಳಗಾದಂತೆ ಸ್ಪೀಕರುಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿವೆ. ನಟ ನಮ್ಮನ್ನು ನೋಡಿ ಮಾತಾಡುತ್ತಾನೆ, ಧ್ವನಿ ಗೋಡೆಗೆ ಬಡಿದು ಬರುತ್ತದೆ.

ಎರಡನೆಯದು ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರ. ಚಿತ್ರಮಂದಿರದ ಮಾನದಂಡದಲ್ಲಿ ಪರದೆಯ ಹಿಂದಿನ ಒಂದೊಂದು ಸ್ಪೀಕರೂ ಬೇಕಾದಾಗ 105 ಡೆಸಿಬೆಲ್‌ವರೆಗೆ ಹೋಗಬಲ್ಲದಾಗಿರಬೇಕು. ಇನ್ನೊಂದು ತುದಿಯಲ್ಲಿ ಪ್ರೇಕ್ಷಕರು ಉಸಿರು ಬಿಗಿಹಿಡಿದ ಮೌನವಿದೆ. ಧ್ವನಿ ಕೂಡಿಸುವವರು ಈ ಇಡೀ ಅಂತರವನ್ನು ಬಳಸುತ್ತಾರೆ. ನಮ್ಮ ಮನೆಯಲ್ಲಿ ಮೌನ ಎಲ್ಲಿದೆ? ಏಪ್ರಿಲ್ ಸೆಖೆಯಲ್ಲಿ ಫ್ಯಾನ್ ಐದರಲ್ಲಿ ತಿರುಗುತ್ತಿರುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಹೊರಗೆ ಟಂಟಂ ಹೋಗುತ್ತದೆ. ಪಿಸುಮಾತೆಲ್ಲ ಆ ಸದ್ದಿನ ಕೆಳಗೆ ಮುಳುಗುತ್ತದೆ.

ಮೂರನೆಯದು ಕೋಣೆ. ಗ್ರಾನೈಟ್ ನೆಲ, ಬೋಳು ಗೋಡೆ, ಆರ್‌ಸಿಸಿ ಚಾವಣಿ. ಸದ್ದು ಅಲ್ಲಿಂದಿಲ್ಲಿಗೆ ಪುಟಿಯುತ್ತಾ ಒಂದು ಅಕ್ಷರ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಟಾಕೀಸಿನ ಗೋಡೆಗೆ ಬಟ್ಟೆ, ಮೆತ್ತನೆಯ ಹಲಗೆ ಹೊದಿಸುವುದು ಚಂದಕ್ಕಲ್ಲ, ಈ ಪುಟಿತ ತಡೆಯುವುದಕ್ಕೆ.

ಕಿವಿಯಿಂದಾಚೆ ಮೈಗೆ ತಾಗುವ ಸದ್ದೂ ಇದೆ. 100 ಹರ್ಟ್ಸ್‌ಗಿಂತ ಕೆಳಗಿನ ಮಂದ್ರದ ಸದ್ದು ತೆಗೆಯಲು ತುಂಬಾ ಗಾಳಿ ನೂಕಬೇಕು, ಅಂದರೆ ದೊಡ್ಡ ಸ್ಪೀಕರ್ ಬೇಕು. ಹೋಳಿಯ ಹೊತ್ತಿಗೆ ಹುಬ್ಬಳ್ಳಿಯ ಬೀದಿಯಲ್ಲಿ ಜಗ್ಗಲಿಗೆ ಮೇಳ ಹಾದುಹೋಗುವಾಗ ಪಕ್ಕ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಸದ್ದು ಎದೆಗೆ ಬಡಿಯುತ್ತದೆ. ಟಾಕೀಸಿನ ಸಬ್‌ವೂಫರ್ ಮಾಡುವುದು ಅದನ್ನೇ. ಟೀವಿಯ ಒಳಗಿನ ಅಂಗೈಗಿಂತ ಚಿಕ್ಕ ಸ್ಪೀಕರಿಗೆ ಅದು ಸಾಧ್ಯವೇ ಇಲ್ಲ.

ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಮನೆಯಲ್ಲಿ ಸಿನಿಮಾಗೆಂದು ದುಡ್ಡು ಹಾಕುವುದಿದ್ದರೆ ಮೊದಲು ಕಿವಿಗೆ ಹಾಕಿ. 43ರಿಂದ 55 ಇಂಚಿಗೆ ಏರುವ ಬದಲು ನಡುವಿನ ಸ್ಪೀಕರ್ ಇರುವ ಸೌಂಡ್‌ಬಾರ್ ತನ್ನಿ. ಅಂಗಡಿಯಲ್ಲಿ 3.1 ಅಥವಾ 5.1 ಎಂದು ಕೇಳಿ. 2.1ರಲ್ಲಿ ನಡುವಿನದು ಇರುವುದಿಲ್ಲ. ಸದ್ಯಕ್ಕೆ ಖರೀದಿ ಬೇಡ ಎಂದರೂ ದಾರಿ ಇದೆ. ಒಟಿಟಿಯ ಆಡಿಯೋ ಪಟ್ಟಿಯಲ್ಲಿ 5.1 ಬದಲು ಸ್ಟಿರಿಯೋ, ಅಂದರೆ ಎರಡೇ ಸ್ಪೀಕರಿಗೆಂದು ಕೂಡಿಸಿದ ಧ್ವನಿ, ಆರಿಸಿ. ಟೀವಿಯಲ್ಲಿ 'ನೈಟ್ ಮೋಡ್' ಅಥವಾ ಮಾತು ಎತ್ತಿಕೊಡುವ ಆಯ್ಕೆ ಇದ್ದರೆ ಹಾಕಿ. ನೆಲಕ್ಕೆ ಒಂದು ಜಮಖಾನ ಹಾಸಿ. ನವಲಗುಂದದ್ದೇ ಆದರೆ ಇನ್ನೂ ಒಳ್ಳೆಯದು.

ಇಷ್ಟೂ ಮಾಡಿದ ಮೇಲೆ ಏನು ಉಳಿಯುತ್ತದೆ? ಜನ. 1894ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ಕಂಪನಿಯ ಕಿನೆಟೋಸ್ಕೋಪ್ ಜನರ ಮುಂದೆ ಬಂದಾಗ ಅದು ಒಬ್ಬರೇ ಬಗ್ಗಿ ಇಣುಕಿ ನೋಡುವ ಪೆಟ್ಟಿಗೆಯಾಗಿತ್ತು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲುಮಿಯೇರ್ ಸೋದರರು ಪರದೆಯ ಮೇಲೆ ಚಿತ್ರ ಬಿಟ್ಟು ಎಲ್ಲರಿಗೂ ಒಟ್ಟಿಗೆ ತೋರಿಸಿದರು. ಒಬ್ಬರೇ ನೋಡುವ ಪೆಟ್ಟಿಗೆ ಮೊದಲು, ಸಭೆ ಆಮೇಲೆ. ಜನ ಆರಿಸಿಕೊಂಡದ್ದು ಸಭೆಯನ್ನು. ಮೊಬೈಲಿನಲ್ಲಿ ನೋಡುವುದು ಹೊಸ ಕಾಲದ ಕೆಡುಕು ಎಂದು ಬೈಯುವವರಿಗೆ ಇದನ್ನು ನೆನಪಿಸಬೇಕು. ಅದು ಸಿನಿಮಾದ ಮೊದಲ ರೂಪಕ್ಕೇ ಹತ್ತಿರ.

ಸಭೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವಿನ ಬಗ್ಗೆ ಮಾಡಿದ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಒಬ್ಬರೇ ಇದ್ದಾಗಿನದಕ್ಕಿಂತ ಜನರ ನಡುವೆ ಇದ್ದಾಗ ಮನುಷ್ಯ ನಗುವುದು ಸುಮಾರು 30 ಪಟ್ಟು ಜಾಸ್ತಿ ಎಂದು ಅವರು ಕಂಡರು. ತುಂಬಿದ ಟಾಕೀಸಿನಲ್ಲಿ ಹಾಸ್ಯ ಎದ್ದು ನಿಲ್ಲುವುದು, ಅದೇ ಹಾಸ್ಯ ಮನೆಯಲ್ಲಿ ಸಪ್ಪೆಯಾಗುವುದು ಯಾಕೆಂದು ಇದರಿಂದ ತಿಳಿಯುತ್ತದೆ. ಪರದೆಯ ಮೇಲೆ ನಮ್ಮ ಕಡೆಯ ಮಾತು ಸರಿಯಾದ ಧಾಟಿಯಲ್ಲಿ ಬಂದರೆ ಹುಬ್ಬಳ್ಳಿಯ ಪ್ರೇಕ್ಷಕರು ಶಿಳ್ಳೆ ಹಾಕುತ್ತಾರೆ. ತಪ್ಪು ಧಾಟಿಯಲ್ಲಿ ಬಂದರೆ ಅದಕ್ಕೂ ತಕ್ಷಣ ಉತ್ತರ ಕೊಡುತ್ತಾರೆ. ಇವೆರಡೂ ಸೌಂಡ್‌ಬಾರಿನಲ್ಲಿ ಸಿಗುವುದಿಲ್ಲ.

ಜೊತೆಗೆ, ಟಾಕೀಸಿನಲ್ಲಿ ನಿಲ್ಲಿಸುವ ಗುಂಡಿ ಇಲ್ಲ. ನಿಧಾನವಾಗಿ ಕಟ್ಟುವ ಚಿತ್ರಗಳಿಗೆ ಇದು ಪ್ರಾಣ. ಮೊದಲ ಅರ್ಧ ಗಂಟೆ ಏನೂ ಆಗದ ಸಿನಿಮಾವನ್ನು ಮನೆಯಲ್ಲಿ ಬಹಳ ಜನ ಬಿಟ್ಟೇಬಿಡುತ್ತಾರೆ. ಅದೇ ಚಿತ್ರ ಟಾಕೀಸಿನಲ್ಲಿ ಇಂಟರ್‌ವಲ್ ದಾಟಿದ ಮೇಲೆ ಹಿಡಿದುಕೊಳ್ಳುತ್ತದೆ. ಹಾಗಾಗಿ ದೊಡ್ಡ ಫೈಟಿನ ಚಿತ್ರಗಳಿಗೆ ಮಾತ್ರ ಟಾಕೀಸು, ಸಣ್ಣ ಚಿತ್ರಗಳಿಗೆ ಮನೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೌನ ಬೇಕಾದ ಸಣ್ಣ ಚಿತ್ರಕ್ಕೇ ಟಾಕೀಸಿನ ಅಗತ್ಯ ಜಾಸ್ತಿ.

ಮನೆಯ ಪರವಾಗಿ ಹೇಳಲೇಬೇಕಾದ್ದೂ ಇದೆ, ಅದು ಚಿಕ್ಕದಲ್ಲ. ಮೊಣಕಾಲು ನೋವಿರುವ ಅಜ್ಜಿಗೆ ಬಾಲ್ಕನಿಯ ಮೆಟ್ಟಿಲು ಹತ್ತಲಾಗುವುದಿಲ್ಲ. ಕಿವಿ ಮಂದವಾದವರಿಗೆ ಮನೆಯಲ್ಲಿ ಸಬ್‌ಟೈಟಲ್ ಇದೆ. ಧಾರವಾಡದಲ್ಲಿ ಇದ್ದುಕೊಂಡು ಹುಬ್ಬಳ್ಳಿಯಲ್ಲಿ ಸೆಕೆಂಡ್ ಶೋ ನೋಡಿದರೆ ವಾಪಸು ಬರಲು ಚಿಗರಿ ಬಸ್ಸಿನ ಹೊತ್ತು ಮೀರಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗದಗಿನಲ್ಲೋ ಹಾವೇರಿಯಲ್ಲೋ ಕೂತ ಒಬ್ಬ ಹುಡುಗಿ ಇವತ್ತು ಇರಾನಿನ, ಬಂಗಾಳದ, ಮಲಯಾಳದ ಚಿತ್ರ ನೋಡಬಲ್ಲಳು. ಆ ಚಿತ್ರಗಳನ್ನು ಆ ಊರುಗಳ ಟಾಕೀಸುಗಳು ಸಾಮಾನ್ಯವಾಗಿ ತರಲಿಲ್ಲ, ಮುಂದೆಯೂ ತರುವುದು ಕಷ್ಟ. ಇದು ನಿಜಕ್ಕೂ ದೊಡ್ಡ ಬದಲಾವಣೆ. ಟಾಕೀಸಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಮರೆಯಬಾರದು.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಮೇಲಿನದಕ್ಕೆ ಶೇಕಡಾ 18 ಹಾಗೇ ಇದೆ. ನಾಲ್ಕು ಜನರ ಮನೆಗೆ 100 ರೂಪಾಯಿಯ ಟಿಕೆಟ್ ಆದರೆ ತೆರಿಗೆ ಸೇರಿ 420. 200 ರೂಪಾಯಿಯದಾದರೆ 944. ಟಿಕೆಟ್ ದರ 200 ರೂಪಾಯಿ ಮೀರಬಾರದು ಎಂದು ರಾಜ್ಯ ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಪಾಪ್‌ಕಾರ್ನಿನ ಖರ್ಚು ಬೇರೆ. ಮಲ್ಟಿಪ್ಲೆಕ್ಸಿನಲ್ಲಿ ಮನೆ ಮಂದಿಯೆಲ್ಲ ಕೂತು ತಿಂದು ಎದ್ದರೆ ಒಟಿಟಿಯ ಕೆಲವು ತಿಂಗಳ ದುಡ್ಡು ಒಂದೇ ಸಂಜೆಗೆ ಹೋಗುತ್ತದೆ. ಒಂಟಿ ಪರದೆಯ ಟಾಕೀಸುಗಳು ಉಳಿಯಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೇ. ಹುಬ್ಬಳ್ಳಿಯ ಅಪ್ಸರಾ, ಸುಧಾ, ಧಾರವಾಡದ ಸಂಗಮದಂಥ ಹೆಸರುಗಳ ಜೊತೆ ಈ ಊರಿನ ಸಾಧಾರಣ ಮನೆಗಳ ಸಿನಿಮಾ ಬೆಳೆದಿದೆ. 100 ರೂಪಾಯಿ ಆಸುಪಾಸಿನಲ್ಲಿ ಸಭೆಯ ಜೊತೆ ಸಿನಿಮಾ ನೋಡಲು ಅಂಥ ಜಾಗ ಬಿಟ್ಟರೆ ಬೇರೆ ಇಲ್ಲ.

ಆದರೆ ಟಾಕೀಸು ಎಂದ ಮಾತ್ರಕ್ಕೆ ಎಲ್ಲ ಸರಿ ಇರುತ್ತದೆ ಎಂದಲ್ಲ. ಪ್ರೊಜೆಕ್ಟರಿನ ಕ್ಸೆನಾನ್ ದೀಪ ಬಳಸಿದಷ್ಟೂ ಮಂಕಾಗುತ್ತದೆ. ಹೊತ್ತಿಗೆ ಬದಲಿಸದಿದ್ದರೆ 48 ನಿಟ್ ಎಂಬುದು ಕಾಗದದಲ್ಲೇ ಉಳಿಯುತ್ತದೆ. 3ಡಿ ಕನ್ನಡಕ ಹಾಕಿದರೆ ಇನ್ನೂ ಬಹಳ ಕಡಿಮೆ. ಮಂಕು ದೀಪದ ಹಾಲಿನಲ್ಲಿ 3ಡಿ ನೋಡುವುದಕ್ಕಿಂತ ಅದೇ ಚಿತ್ರವನ್ನು 2ಡಿಯಲ್ಲಿ ನೋಡುವುದು ಮೇಲು.

ಎಲ್ಲಿ ಕೂರುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಪರದೆಯಿಂದ 30 ಮೀಟರ್ ಹಿಂದೆ ಕೂತವರಿಗೆ ಮಾತು ತಲುಪುವಷ್ಟರಲ್ಲಿ ಎರಡು ಚಿತ್ರ, ಅಂದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ ದಾಟಿರುತ್ತದೆ. ತುಟಿಗೂ ಮಾತಿಗೂ ಸಣ್ಣ ಬಿರುಕು. ಬಾಲ್ಕನಿಯ ಕೆಳಗಿನ ಹಿಂದಿನ ಸಾಲುಗಳಲ್ಲಿ ಚಾವಣಿ ತಗ್ಗಿರುವುದರಿಂದ ಸದ್ದು ಮುದುಡುತ್ತದೆ. ಒಳ್ಳೆಯ ಜಾಗವೆಂದರೆ ಪರದೆಯಿಂದ ಹಾಲಿನ ಮೂರರಲ್ಲಿ ಎರಡು ಪಾಲು ಹಿಂದೆ, ಸಾಲಿನ ನಡುವೆ. ಟಿಕೆಟ್ ತೆಗೆಯುವಾಗ ಗೋಡೆ ಪಕ್ಕದ ಸೀಟು ಬಿಟ್ಟು ನಡುವಿನದು ಕೇಳಿ. ಚಿತ್ರ ಮಂಕಾಗಿದ್ದರೆ, ಮಾತು ಗೊಗ್ಗರಾಗಿದ್ದರೆ ಸುಮ್ನೆ ಕೂರಬೇಡಿ. ಇಂಟರ್‌ವಲ್ ತನಕ ಕಾಯದೆ ಹೊರಗೆ ಹೋಗಿ ಮ್ಯಾನೇಜರಿಗೆ ಹೇಳಿ. ಆಪರೇಟರ್ ಕೋಣೆಯಲ್ಲಿ ಕೂತವರಿಗೆ ಹಾಲಿನೊಳಗೆ ಸದ್ದು ಹೇಗೆ ಕೇಳುತ್ತಿದೆ ಎಂದು ಗೊತ್ತಾಗುವುದು ಯಾರಾದರೂ ಹೋಗಿ ಹೇಳಿದಾಗಲೇ.